ಕಾನ್‌ಫ್ರಾಂಕ್: ಪಿರಿನೀಸ್ ದಾಟುತ್ತಿದ್ದ ರೈಲು ನಿಂತಿದ್ದೇಕೆ?

1970ರ ಮಾರ್ಚ್ 27. ಮೆಕ್ಕೆಜೋಳ ತುಂಬಿದ ಒಂಬತ್ತು ವ್ಯಾಗನ್‌ಗಳನ್ನು ಎಳೆದುಕೊಂಡು ಎರಡು ವಿದ್ಯುತ್ ಎಂಜಿನ್‌ಗಳು ಫ್ರಾನ್ಸ್‌ನ ಕಡೆಯಿಂದ ಸ್ಪೇನ್ ಗಡಿಯ ಕಾನ್‌ಫ್ರಾಂಕ್ ನಿಲ್ದಾಣದತ್ತ ಪಿರಿನೀಸ್ ಘಾಟಿ ಏರುತ್ತಿದ್ದವು. ಹಳಿಯ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಚಕ್ರಗಳು ಜಾರಿ ಗಾಡಿ ನಿಂತಿತು. ಆಮೇಲೆ ಹಿಂದಕ್ಕೆ ಉರುಳತೊಡಗಿ, ವೇಗ ಏರುತ್ತ ಹೋಗಿ, ಲೆಸ್ತಾಂಗೆ ಎಂಬಲ್ಲಿ ಹಳಿ ತಪ್ಪಿ ಕಬ್ಬಿಣದ ಸೇತುವೆಯನ್ನೇ ಕೆಡವಿತು. ಪ್ರಾಣಹಾನಿ ಆಗಲಿಲ್ಲ. ಆದರೆ ಗಡಿ ದಾಟುವ ರೈಲು ಅಂದಿಗೇ ಮುಗಿಯಿತು.

ಈ ಮಾರ್ಗದ ಏರು ಕೆಲವೆಡೆ ಮೀಟರಿಗೆ 43 ಮಿ.ಮೀ., ಅಂದರೆ 23 ಮೀಟರಿಗೆ ಒಂದು ಮೀಟರ್. ನಮ್ಮ ಕ್ಯಾಸಲ್‌ರಾಕ್–ಕುಳೆಂ ಘಾಟಿ 37ಕ್ಕೆ ಒಂದು, ಸಕಲೇಶಪುರ–ಸುಬ್ರಹ್ಮಣ್ಯ 50ಕ್ಕೆ ಒಂದು. ಲೆಕ್ಕ ಹಾಕಿ ನೋಡಿ: ಇಂಥ ಏರಿನಲ್ಲಿ 500 ಟನ್ನಿನ ಗಾಡಿ ಹಿಂದೆ ಜಾರದಂತೆ ಹಿಡಿಯುವುದಕ್ಕೇ ಸುಮಾರು 21 ಟನ್ ಬಲ ಬೇಕು. ತಲಾ 70 ಟನ್ ತೂಗುವ ಎರಡು ಎಂಜಿನ್‌ಗಳು ಒಣ ಹಳಿಯ ಮೇಲೆ 40 ಟನ್ನಿನಷ್ಟು ಹಿಡಿತ ಕೊಡಬಲ್ಲವು. ಹಳಿಗೆ ಮಂಜು ಕಟ್ಟಿದರೆ ಅದು 15 ಟನ್ನಿಗೂ ಕೆಳಗಿಳಿಯಬಹುದು. ಆಗ ಮೋಟಾರಿನ ಶಕ್ತಿ ಎಷ್ಟಿದ್ದರೂ ಚಕ್ರ ನಿಂತಲ್ಲೇ ಸುತ್ತುತ್ತದೆ. ಹಳಿಗೆ ಮರಳು ಉದುರಿಸುವುದು ಇದಕ್ಕೇ.

ಸೇತುವೆಯನ್ನು ಮತ್ತೆ ಕಟ್ಟಬಹುದಿತ್ತು. ಕಟ್ಟುವಷ್ಟು ಸರಕು ಸಾಗುತ್ತಿರಲಿಲ್ಲ ಎಂಬುದೇ ನಿಜವಾದ ತೊಡಕು. ಅದರ ಬೇರು ಹಳಿಯ ಅಗಲದಲ್ಲಿದೆ. 1904ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು, ಸೋಂಪೋರ್ ಬೆಟ್ಟದಡಿ 7.8 ಕಿ.ಮೀ. ಸುರಂಗ ಕೊರೆದು, 1928ರ ಜುಲೈ 18ರಂದು ಮಾರ್ಗ ತೆರೆದವು. ಫ್ರಾನ್ಸ್‌ನ ಹಳಿ 1435 ಮಿ.ಮೀ., ಸ್ಪೇನ್‌ನದು ಅದಕ್ಕಿಂತ ಸುಮಾರು 23 ಸೆಂ.ಮೀ. ಅಗಲ. ಹಾಗಾಗಿ ಸುರಂಗ ದಾಟಿದ ಕೂಡಲೇ, ಸ್ಪೇನ್‌ನ ನೆಲದಲ್ಲಿರುವ ಕಾನ್‌ಫ್ರಾಂಕ್‌ನಲ್ಲಿ ಎಲ್ಲವೂ ಇಳಿಯಬೇಕು. 241 ಮೀಟರ್ ಉದ್ದದ ಆ ನಿಲ್ದಾಣದ ಒಂದು ಬದಿಗೆ ಫ್ರೆಂಚ್ ರೈಲು, ಇನ್ನೊಂದು ಬದಿಗೆ ಸ್ಪೇನ್‌ನ ರೈಲು. ಪ್ರಯಾಣಿಕರು ಕಟ್ಟಡದೊಳಗೆ ಸುಂಕ, ಪಾಸ್‌ಪೋರ್ಟ್ ಮುಗಿಸಿ ಆಚೆ ಬದಿಗೆ ನಡೆದುಹೋಗುತ್ತಿದ್ದರು. ಅವರಿಗೆ ಅದು ಹತ್ತು ಹೆಜ್ಜೆಯ ಮಾತು. ಮೂಟೆಗಳನ್ನು ಮಾತ್ರ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹೊರಬೇಕಿತ್ತು. ಬೆಂಗಳೂರಿನಲ್ಲಿ ಮೀಟರ್ ಗೇಜ್ ಮತ್ತು ಬ್ರಾಡ್ ಗೇಜ್ ಕೂಡುತ್ತಿದ್ದ ಕಾಲ ನೆನಪಿರುವವರಿಗೆ ಈ ಕೂಲಿ, ಈ ವಿಳಂಬ ಎಂಥದ್ದೆಂದು ಗೊತ್ತು. ಲಾರಿಗೆ ಆ ತಾಪತ್ರಯವಿಲ್ಲ. ಮೇಲಾಗಿ ಸ್ಪೇನ್‌ನ ಅಂತರ್ಯುದ್ಧ, ಎರಡನೇ ಮಹಾಯುದ್ಧದ ನಂತರದ ಗಡಿಬಂದ್ ಎಂದು ವರ್ಷಗಟ್ಟಲೆ ಸಂಚಾರವೇ ಇರಲಿಲ್ಲ.

ಮಾರ್ಗ ಪೂರ್ತಿ ಸತ್ತಿಲ್ಲ. ಸ್ಪೇನ್‌ನ ಕಡೆ ಸಾರಾಗೋಸಾದಿಂದ ಕಾನ್‌ಫ್ರಾಂಕ್‌ವರೆಗೆ ರೈಲು ಬರುತ್ತದೆ. ಫ್ರಾನ್ಸ್ 2016ರಲ್ಲಿ ಒಲೊರೋನ್‌ನಿಂದ ಬೆಡೂವರೆಗಿನ 25 ಕಿ.ಮೀ. ಮತ್ತೆ ತೆರೆಯಿತು. ಹಳೆಯ ನಿಲ್ದಾಣ 2023ರಲ್ಲಿ ಹೋಟೆಲಾಯಿತು. ಮುಚ್ಚಿಯೇ ಉಳಿದಿರುವುದು ಬೆಡೂ–ಕಾನ್‌ಫ್ರಾಂಕ್ ನಡುವಿನ ಸುಮಾರು 33 ಕಿ.ಮೀ.

ಕಡಿದಾದ ಏರೂ ಸುರಂಗವೂ ಇರುವುದು ಇಲ್ಲಿಯೇ. ಬೆಟ್ಟದೊಳಗೆ ಹಳೆಯ ಸುರಂಗಕ್ಕೆ ಹೊಂದಿಕೊಂಡು ಈಗ ಭೌತವಿಜ್ಞಾನದ ಪ್ರಯೋಗಾಲಯವಿದೆ. ಅದಕ್ಕಿಂತ ದೊಡ್ಡ ಗಂಟು ಇನ್ನೊಂದು: 2003ರಲ್ಲಿ ಪಕ್ಕದಲ್ಲೇ ತೆರೆದ ರಸ್ತೆ ಸುರಂಗದಲ್ಲಿ ಬೆಂಕಿ ಬಿದ್ದರೆ ಜನ ಅಡ್ಡದಾರಿಗಳ ಮೂಲಕ ತಪ್ಪಿಸಿಕೊಂಡು ಬರುವುದು ಈ ರೈಲು ಸುರಂಗಕ್ಕೇ. ಇಲ್ಲಿ ಮತ್ತೆ ಹಳಿ ಹಾಸಬೇಕಾದರೆ ಮೊದಲು ಅವರಿಗೊಂದು ಬೇರೆ ಹಾದಿ ಆಗಬೇಕು, ಇಲ್ಲವೇ ರೈಲಿನ ಜೊತೆಗೇ ಅವರಿಗೂ ಸುರಕ್ಷಿತ ಜಾಗ ಒದಗಿಸಬೇಕು.