ಸೈಕಲ್ಲು ಯಾರ ಪಟ್ಟಿಯಲ್ಲಿದೆ?

ಬೆಳಿಗ್ಗೆ ಏಳರ ಹೊತ್ತಿಗೆ ಕುಮಟಾದಿಂದ ಅಂಕೋಲಾ ಕಡೆಗೆ ಹೊರಟರೆ ಒಬ್ಬರಾದರೂ ಸೈಕಲ್‌ನವರು ಎದುರಾಗುತ್ತಾರೆ. ಎದುರಾಗುತ್ತಾರೆ ಅಂದರೆ ನಿಜವಾಗಿಯೂ ಎದುರಿಗೆ. ನಾವು ಹೋಗುವ ಪಥದಲ್ಲೇ, ಅಂಚಿನ ಬಿಳಿ ಗೆರೆಯ ಆಚೆ, ನಮ್ಮ ಕಡೆಗೇ ಮುಖ ಮಾಡಿ ಪೆಡಲ್ ತುಳಿಯುತ್ತಾ ಬರುತ್ತಿರುತ್ತಾರೆ. ಕ್ಯಾರಿಯರಿನಲ್ಲಿ ಮೀನಿನ ಬುಟ್ಟಿ, ಇಲ್ಲವೇ ಹುಲ್ಲಿನ ಹೊರೆ, ಇಲ್ಲವೇ ಗಾರೆ ಕೆಲಸದ ಬಾಂಡಲಿ. ಕಾರಿನವರು ಹಾರ್ನ್ ಹೊಡೆದು, ಗಾಜು ಇಳಿಸಿ, ಒಂದು ಮಾತು ಬೈದೇ ಮುಂದೆ ಹೋಗುವುದು. "ಇವರಿಗೆಲ್ಲ ರೂಲ್ಸ್ ಅನ್ನೋದೇ ಇಲ್ವಾ?"

ನಾನೂ ಬೈದವನೇ. ಆಮೇಲೊಂದು ದಿನ ಸುಮ್ನೆ ಕುತೂಹಲಕ್ಕೆ ಹುಡುಕಿದೆ. ಸೈಕಲ್‌ನವರಿಗೆ ರೂಲ್ಸ್ ಇದೆಯಾ? ಇದ್ದರೆ ಮಾಡಿದವರು ಯಾರು? ಉತ್ತರ ಹುಡುಕುತ್ತಾ ಹೋದರೆ ಅಪ್ಪನ ಕಾಲಕ್ಕೆ ಹೋಗಿ ನಿಂತೆ.

ಆ ಕಾಲದಲ್ಲಿ ಸೈಕಲ್ಲಿಗೆ ರೂಲ್ಸ್ ಇತ್ತು, ಬೇಕಾದಷ್ಟು ಇತ್ತು. ಪುರಸಭೆಗೋ ಪಂಚಾಯ್ತಿಗೋ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ತಂದು ಸೈಕಲ್ಲಿಗೆ ಕಟ್ಟಬೇಕಿತ್ತು. ಬಿಲ್ಲೆ ಇಲ್ಲದ ಸೈಕಲ್ ಸಿಕ್ಕಿಬಿದ್ದರೆ ದಂಡ. ಕತ್ತಲಾದ ಮೇಲೆ ದೀಪ ಇಲ್ಲದೆ ಹೋದರೆ ದಂಡ. ಹಿಂದೆ ಒಬ್ಬರನ್ನು ಕೂರಿಸಿಕೊಂಡರೆ 'ಡಬಲ್ ರೈಡ್', ಅದಕ್ಕೂ ದಂಡ. ದಂಡಕ್ಕೆ ದುಡ್ಡಿಲ್ಲ ಅಂದರೆ ಪೊಲೀಸರು ವಾಲ್ವ್ ಕಿತ್ತು ಗಾಳಿ ಬಿಟ್ಟು ಕಳಿಸುತ್ತಿದ್ದರು. ನಮ್ಮಪ್ಪ ಸಿನಿಮಾ ನೋಡಿ ಬರುವಾಗ ಹಾಗೆ ಸಿಕ್ಕಿಬಿದ್ದು ಮೂರು ಮೈಲಿ ಸೈಕಲ್ ತಳ್ಳಿಕೊಂಡು ಬಂದ ಕಥೆಯನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಅವರಿಗೆ ಸಿಟ್ಟು ದಂಡದ ಮೇಲಲ್ಲ, ಆ ವಾಲ್ವಿನ ಮೇಲೆ.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ಬೀದಿಯ ಕಾನೂನೂ ಮೊದಲು ಅಲ್ಲಿಂದಲೇ ಬಂತು. ಏಕೀಕರಣದ ಮೇಲೆ 1963ರ ನಮ್ಮ ಪೊಲೀಸ್ ಕಾಯ್ದೆ ಬಂತು. ಬೀದಿಯಲ್ಲಿ ಗಾಡಿಗಳು ಹೇಗೆ ಓಡಾಡಬೇಕು ಎಂದು ಆದೇಶ ಮಾಡುವ ಅಧಿಕಾರ ಅದರ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಗೆ ಸಿಕ್ಕಿತು. ಎತ್ತಿನ ಗಾಡಿ, ಟಾಂಗಾ, ಸೈಕಲ್ ಎಲ್ಲ ಆ ಲೆಕ್ಕದಲ್ಲೇ. ಮೋಟಾರು ಗಾಡಿಗೆ ಮಾತ್ರ ಬೇರೆ ಕಾಯ್ದೆ. ಅದು ಮೊದಲು 1914ರಲ್ಲಿ ಬಂತು, ಆಮೇಲೆ 1939ರಲ್ಲಿ, ಈಗ ಇರುವುದು 1988ರದ್ದು. ಈ ಮೂರರಲ್ಲೂ ಸೈಕಲ್ 'ಮೋಟಾರು ವಾಹನ' ಅಲ್ಲ. ಎಂಜಿನ್ ಇಲ್ಲದ್ದು ಹೇಗೆ ಆದೀತು, ಅಲ್ವಾ?

ಇಷ್ಟಾದರೆ ತೊಂದರೆ ಇರಲಿಲ್ಲ. ತೊಂದರೆ ಇರುವುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ. ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಇಬ್ಬರದ್ದು ಎಂದು ಅಲ್ಲಿ ಮೂರು ಪಟ್ಟಿ ಇದೆ. ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯ 23ನೇ ನಮೂದು. ಯಂತ್ರದಿಂದ ಓಡುವ ವಾಹನ ಇಬ್ಬರ ಪಟ್ಟಿಯಲ್ಲಿ, 35ನೇ ನಮೂದು. ಯಂತ್ರವಿಲ್ಲದ ವಾಹನ, ಅಂದರೆ ನಮ್ಮ ಸೈಕಲ್, ರಾಜ್ಯ ಪಟ್ಟಿಯ 13ನೇ ನಮೂದಿನ ಬಾಲದಲ್ಲಿದೆ. ಅದೇ ಸಾಲಿನಲ್ಲಿ ದೋಣಿ ದಾಟಿಸುವ ತಾರಿ ಇದೆ, ಟ್ರಾಮ್ ಇದೆ, ರೋಪ್‌ವೇ ಇದೆ.

ಈಗ ಲೆಕ್ಕ ಹಾಕಿ. ಮೀನಿನ ಬುಟ್ಟಿ ಕಟ್ಟಿಕೊಂಡ ಒಬ್ಬರು ಹೆದ್ದಾರಿ 66ರ ಮೇಲೆ ಸೈಕಲ್ ತುಳಿಯುತ್ತಿದ್ದಾರೆ. ಕೆಳಗಿನ ಡಾಂಬರು ದಿಲ್ಲಿಯದು. ಪಕ್ಕದಲ್ಲಿ ಹಾಯುವ ಲಾರಿ ದಿಲ್ಲಿ ಮತ್ತು ಬೆಂಗಳೂರಿಗೆ ಸೇರಿದ್ದು. ಸೈಕಲ್ ಬೆಂಗಳೂರಿನದು. ಗೆರೆಯಾಚೆಯ ಮಣ್ಣಿಗೆ ಇಳಿದರೆ ಅದೂ ಬಹಳ ಕಡೆ ಹೆದ್ದಾರಿಯ ಜಾಗವೇ, ಪಂಚಾಯ್ತಿಯದಲ್ಲ. ಕರಾವಳಿಯ ಸೈಕಲ್‌ನವರ ಗೋಳು ಅರ್ಧ ಇಲ್ಲೇ ಇದೆ.

ಹಳೇ ಹೆದ್ದಾರಿಯಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಆಗ ಅದರ ನಂಬರು 17. ಪನ್ವೇಲಿನಿಂದ ಕೇರಳದ ಇಡಪ್ಪಳ್ಳಿವರೆಗೆ ಹೋಗುವ ರಸ್ತೆ. 2010ರಲ್ಲಿ ದೇಶದ ಎಲ್ಲ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಾಗ 66 ಆಯಿತು. ಊರಲ್ಲಿ ಇನ್ನೂ ಎಷ್ಟೋ ಜನರ ಬಾಯಲ್ಲಿ ಅದು 'ಸೆವೆಂಟೀನ್' ಅಂತಲೇ ಇದೆ. ಸೇತುವೆಗಳು ಬರುವ ಮೊದಲು ಹೊಳೆಗಳಲ್ಲಿ ತಾರಿಗೆ ಕಾಯಬೇಕಿತ್ತು. ಕಾಳಿ ನದಿಗೆ ಕೋಡಿಬಾಗದಲ್ಲಿ ಸೇತುವೆ ಬಂದದ್ದೇ 1980ರ ದಶಕದಲ್ಲಿ. ಅಂಥ ರಸ್ತೆ ಎರಡೇ ಪಥದ್ದು, ಡಿವೈಡರ್ ಇಲ್ಲ. ಸೈಕಲ್‌ನವರು ಬದಿಯ ಮಣ್ಣಿನಲ್ಲಿ ಹೋಗುತ್ತಿದ್ದರು. ಬಸ್ಸು ಬಂದರೆ ಇಳಿದು ನಿಲ್ಲುತ್ತಿದ್ದರು. ಆಚೆ ಬದಿಗೆ ಹೋಗಬೇಕು ಅನಿಸಿದ ಕಡೆ ಎರಡೂ ಕಡೆ ನೋಡಿ ದಾಟುತ್ತಿದ್ದರು. ಅದೇನು ಸ್ವರ್ಗವಲ್ಲ, ಜನ ಆಗಲೂ ಸಾಯುತ್ತಿದ್ದರು. ಆದರೆ ದಾರಿ ನೇರ ಇತ್ತು.

ಚತುಷ್ಪಥದ ಮಾತು ಶುರುವಾದಾಗ ಇಲ್ಲಿ ನಡೆದ ಜಗಳವೆಲ್ಲ ಅಗಲದ್ದು. 60 ಮೀಟರಾ, 45 ಮೀಟರಾ, ಊರೊಳಗೆ 30 ಸಾಲದಾ? ಯಾರ ಮನೆ ಹೋಗುತ್ತದೆ, ಯಾರ ತೆಂಗಿನಮರ ಹೋಗುತ್ತದೆ, ಪರಿಹಾರ ಎಷ್ಟು? ಕುಮಟಾದಲ್ಲಿ ಬೈಪಾಸ್ ಬೇಕೋ ಬೇಡವೋ ಎಂಬುದೇ ವರ್ಷಗಟ್ಟಲೆ ಎಳೆಯಿತು. ಇದರಲ್ಲಿ ಜನರನ್ನು ತಪ್ಪು ಅನ್ನಲಾರೆ. ಸೀಬರ್ಡ್ ನೌಕಾನೆಲೆ, ಕೈಗಾ, ಕೊಂಕಣ ರೈಲು ಅಂತ ಒಂದಾದ ಮೇಲೊಂದು ಜಾಗ ಬಿಟ್ಟುಕೊಟ್ಟ ಜಿಲ್ಲೆ ಇದು. ಸಮುದ್ರ ಮತ್ತು ಘಟ್ಟದ ನಡುವೆ ಇರುವುದೇ ಒಂದು ತುಂಡು ನೆಲ. ಆದರೆ ಅಗಲದ ಜಗಳದಲ್ಲಿ ಆ ಅಗಲದೊಳಗೆ ಏನೇನು ಇರಬೇಕು ಎಂಬುದನ್ನು ಯಾರೂ ಕೇಳಲಿಲ್ಲ. ಅಗಲ ಕಡಿಮೆ ಆದಾಗ ಮೊದಲು ಬಿಟ್ಟುಹೋಗುವುದು ಸರ್ವಿಸ್ ರಸ್ತೆಯೇ. ನಾಲ್ಕು ಪಥ ಮತ್ತು ಡಿವೈಡರನ್ನು ಯಾರೂ ಬಿಡುವುದಿಲ್ಲವಲ್ಲ.

ಸೈಕಲ್ ಪಥಕ್ಕೆ ನಮ್ಮ ದೇಶದಲ್ಲಿ ಅಳತೆಯೇ ಇಲ್ಲ ಅಂತಲ್ಲ. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೈಕಲ್ ಪಥಕ್ಕೆಂದೇ 1962ರಲ್ಲಿ ಒಂದು ಮಾರ್ಗಸೂಚಿ ತಂದಿತ್ತು. ಮೋಟಾರು ಗಾಡಿ ಗಂಟೆಗೆ 200ಕ್ಕಿಂತ ಜಾಸ್ತಿ ಇರುವ ರಸ್ತೆಯಲ್ಲಿ, ಗಂಟೆಗೆ 100 ಸೈಕಲ್ ಓಡಾಡಿದರೂ ಬೇರೆ ಪಥ ಮಾಡಬಹುದು ಎಂದು ಅದು ಹೇಳುತ್ತದೆ. ಪೇಟೆಗೆ ಅದು ಸರಿ. ಆದರೆ ನಮ್ಮ ಕರಾವಳಿಯ ಒಂದೊಂದು ಊರಿನ ಮುಂದೆ ಗಂಟೆಗೆ ಹತ್ತು ಸೈಕಲ್ ಹೋದರೆ ಹೆಚ್ಚು. ಆ ಹತ್ತು ಜನ ದಿನಾ ಹೋಗುತ್ತಾರೆ, ಬೇರೆ ದಾರಿ ಇಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ವಾಹನ ಎಣಿಸುವಾಗ ಕಾರಿಗೆ 1, ಲಾರಿಗೆ 3, ಸೈಕಲ್ಲಿಗೆ ಅರ್ಧ. ಟೋಲಂತೂ ಇಲ್ಲವೇ ಇಲ್ಲ. ಹಟ್ಟಿಕೇರಿ ಮತ್ತು ಹೊಳೆಗದ್ದೆಯ ಟೋಲ್ ಗೇಟಿನ ಮುಂದೆ ಸ್ಥಳೀಯ ಗಾಡಿಗೆ ವಿನಾಯಿತಿ ಬೇಕೆಂದು ಎಷ್ಟು ಪ್ರತಿಭಟನೆ ಆದರೂ ಅದು ಕಾರಿನವರ ಪ್ರತಿಭಟನೆ.

ಇನ್ನೊಂದು ತಮಾಷೆ ಇದೆ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಯೋಜನೆ. ಬಸ್ಸಿಲ್ಲದ ಕೇರಿಯ ಎಷ್ಟೋ ಹುಡುಗಿಯರು ಹೈಸ್ಕೂಲು ಮುಗಿಸಿದ್ದರಲ್ಲಿ ಅದರ ಪಾಲಿದೆ. ಕೋವಿಡ್ ಬಂದ ಮೇಲೆ ಅದು ನಿಂತಿತು. ಅಷ್ಟರಲ್ಲಿ ಇಲ್ಲಿ ಚತುಷ್ಪಥದ ಕೆಲಸ ಜೋರಾಗಿತ್ತು. ಒಂದು ಇಲಾಖೆ ಮಕ್ಕಳ ಕೈಗೆ ಸೈಕಲ್ ಕೊಟ್ಟಿತು, ಇನ್ನೊಂದು ಮನೆಗೂ ಶಾಲೆಗೂ ನಡುವೆ ಡಿವೈಡರ್ ಕಟ್ಟಿತು. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಮಾತಾಡಿದ್ದರೆ ಅಂತ ಈಗಲೂ ಅನಿಸುತ್ತದೆ.

ಈಗ ಆ 'ರಾಂಗ್ ಸೈಡ್' ವಿಷಯಕ್ಕೆ ಬರೋಣ. ನಮ್ಮ ಕೇರಿಯ ಹಿರಿಯರೊಬ್ಬರು ದಿನಾ ಸೈಕಲ್ ಮೇಲೆ ಮೀನು ತರುತ್ತಾರೆ. ಅವರ ಮನೆ ಸಮುದ್ರದ ಬದಿಗೆ. ನಾವು ಎಡಕ್ಕೆ ಓಡಿಸುವವರಾದ್ದರಿಂದ ಸಮುದ್ರದ ಬದಿಯ ಪಥ ಗೋವಾ ಕಡೆಗೆ, ಗುಡ್ಡದ ಬದಿಯದು ಮಂಗಳೂರು ಕಡೆಗೆ. ಅವರು ಬುಟ್ಟಿ ಇಳಿಸುವ ಅಂಗಡಿ ದಕ್ಷಿಣಕ್ಕೆ ಮುನ್ನೂರು ಮೀಟರ್, ಅದೇ ಬದಿಯಲ್ಲಿ. ಕಾನೂನು ಪ್ರಕಾರ ಹೋಗುವುದಾದರೆ ಮೊದಲು ಉತ್ತರಕ್ಕೆ ಒಂದು ಕಿಲೋಮೀಟರ್. ಅಲ್ಲಿ ಡಿವೈಡರಿನ ಸಂದಿನಲ್ಲಿ ತಿರುಗಬೇಕು. ದಕ್ಷಿಣಕ್ಕೆ ಎರಡು ಕಿಲೋಮೀಟರ್ ಬಂದು, ಅಂಗಡಿ ಎದುರಿಗೇ ಕಂಡರೂ ದಾಟಲಾಗದೆ ಮುಂದಿನ ಸಂದಿನಲ್ಲಿ ಮತ್ತೆ ತಿರುಗಬೇಕು. ಅಲ್ಲಿಂದ ಏಳುನೂರು ಮೀಟರ್ ವಾಪಸ್. ಒಟ್ಟು 3.7 ಕಿಲೋಮೀಟರ್. ವೇಗದ ಪಥ ದಾಟುವುದು ಎರಡು ಸಲ. ಇಲ್ಲವೇ ಮುನ್ನೂರು ಮೀಟರ್ ಎದುರು ದಿಕ್ಕಿನಲ್ಲಿ ಹೋದರೆ ಮುಗಿಯಿತು.

"ತಮಾ, ಲಾರಿ ಹಿಂದಿಂದ ಬಂದ್ರೆ ಕಾಣ್ತದಾ? ಎದುರಿಂದ ಬಂದ್ರೆ ಕಾಣ್ತದೆ, ಹಾರಿಕೊಳ್ಳಬಹುದು" ಎಂದರು ಅವರು. ನನಗೆ ವಾದ ಮಾಡಲು ಏನೂ ಸಿಗಲಿಲ್ಲ. ಆದರೂ ಒಂದು ಮಾತು ಹೇಳಬೇಕು. ಮೋಟಾರು ಕಾಯ್ದೆಯ 2019ರ ತಿದ್ದುಪಡಿಯ ನಂತರ ಎದುರು ದಿಕ್ಕಿನಲ್ಲಿ ಗಾಡಿ ಓಡಿಸುವುದು ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಸೇರಿದೆ. ಅದು ಮೋಟಾರು ಗಾಡಿಗೆ. ಸೈಕಲ್ಲಿಗೆ ಆ ಕಲಂ ಇಲ್ಲ. ಆದರೆ ಅಪಘಾತವಾಗಿ ಪರಿಹಾರದ ಕೇಸು ಹಾಕಿದರೆ 'ಇವರದ್ದೂ ತಪ್ಪಿದೆ' ಎಂದು ವಿಮೆಯ ವಕೀಲರು ವಾದಿಸುತ್ತಾರೆ, ಸಿಗುವ ಹಣ ಕಡಿಮೆಯಾಗಬಹುದು. ಗುದ್ದಿದ ಗಾಡಿ ಸಿಗದೇ ಹೋದರೆ, 2022ರ ಏಪ್ರಿಲಿನಿಂದ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50 ಸಾವಿರ ರೂಪಾಯಿ. ಇದು ಸೈಕಲ್‌ನವರಿಗೂ, ನಡೆದು ಹೋಗುವವರಿಗೂ ಸಿಗುತ್ತದೆ. ನಮ್ಮ ಕಡೆ ಇದು ಬಹಳ ಜನರಿಗೆ ಗೊತ್ತೇ ಇಲ್ಲ.

ಅದೇ 2019ರ ತಿದ್ದುಪಡಿಯಲ್ಲಿ ನಾವೆಲ್ಲ ನೆನಪಿಟ್ಟುಕೊಂಡಿರುವುದು ದಂಡ ಮಾತ್ರ. ಹೆಲ್ಮೆಟ್ಟಿಗೆ ಸಾವಿರ ರೂಪಾಯಿ ಆಗಿ, ಜನ ಬೊಬ್ಬೆ ಹೊಡೆದ ಮೇಲೆ ಕರ್ನಾಟಕದಲ್ಲಿ ಅದೇ ಸೆಪ್ಟೆಂಬರಿನಲ್ಲಿ ಐನೂರಕ್ಕೆ ಇಳಿಯಿತು. ಆದರೆ ಅದರಲ್ಲಿ ಇನ್ನೆರಡು ಕಲಂ ಇದ್ದವು. ಒಂದು 198ಎ. ರಸ್ತೆಯ ವಿನ್ಯಾಸ, ಕಟ್ಟುವುದು, ನೋಡಿಕೊಳ್ಳುವುದು ನಿಯಮದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ. ಇನ್ನೊಂದು 138ಕ್ಕೆ ಸೇರಿಸಿದ (1ಎ). ಹೆದ್ದಾರಿಯಂಥ ಜಾಗಗಳಲ್ಲಿ ಎಂಜಿನ್ ಇಲ್ಲದ ವಾಹನ ಮತ್ತು ಪಾದಚಾರಿಗಳ ಓಡಾಟದ ಬಗ್ಗೆ ರಾಜ್ಯ ನಿಯಮ ಮಾಡಬಹುದು, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ ಜೊತೆ ಮಾತಾಡಿ ಮಾಡಬೇಕು. ಅಂದರೆ ಬೇರೆ ಬೇರೆ ಪಟ್ಟಿಯಲ್ಲಿ ಬಿದ್ದಿದ್ದವರನ್ನು ಒಂದು ಕಡೆ ಕೂರಿಸುವ ಕಲಂ ಇದು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಬಾಯಿ ಬಿಟ್ಟು, ಆರು ತಿಂಗಳೊಳಗೆ ಈ ನಿಯಮ ಮಾಡಿ ಎಂದು ರಾಜ್ಯಗಳಿಗೆ ಹೇಳಬೇಕಾಯಿತು. ಅಷ್ಟರಲ್ಲಿ ಆರು ವರ್ಷ ಹೋಗಿತ್ತು.

ಸೈಕಲ್ ಬೇಡ ಎಂದು ಹೇಳುವ ಆದೇಶ ಮಾತ್ರ ಬೇಗ ಬರುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಎಂಜಿನ್ ಇಲ್ಲದ ಗಾಡಿ ಬರಬಾರದು ಎಂದಾಯಿತು. ಅಲ್ಲಿ ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ. ನಮ್ಮಲ್ಲಿ ಎಷ್ಟೋ ಕಡೆ ಹೆದ್ದಾರಿ ಬಿಟ್ಟರೆ ಗದ್ದೆ, ಗದ್ದೆ ಬಿಟ್ಟರೆ ಸಮುದ್ರ.

ಶಿರಸಿ ಕಡೆಯವರದು ಬೇರೆ ಕಥೆ. ದೇವಿಮನೆ ಘಟ್ಟದಲ್ಲಿ ಸೈಕಲ್ ತುಳಿಯುವವರು ಕಡಿಮೆ. ಅಲ್ಲಿನವರ ಪ್ರಶ್ನೆ ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಎಂಬುದು.

ನಿಜ ಹೇಳಬೇಕೆಂದರೆ ಈ ಜಿಲ್ಲೆಯಲ್ಲಿ ಸೈಕಲ್ ವಿಷಯ ಎತ್ತುವುದಕ್ಕೇ ಮುಜುಗರ. 2023ರ ಜುಲೈಯಲ್ಲಿ ಕಾರವಾರದ ಸುರಂಗಗಳನ್ನು, ಸುರಕ್ಷತೆಯ ಸರ್ಟಿಫಿಕೇಟ್ ಎಲ್ಲಿ ಎಂಬ ಪ್ರಶ್ನೆ ಎದ್ದು, ಮುಚ್ಚಬೇಕಾಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಜನ ಸತ್ತರು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಒಂದು ಲಾರಿ ಸಮೇತ ನದಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. ಇಂಥ ಊರಲ್ಲಿ ಹೋಗಿ 'ನಮಗೊಂದು ಸೈಕಲ್ ದಾರಿ ಕೊಡಿ' ಅಂದರೆ ಕೇಳಿದವರು ನಕ್ಕಾರು.

ಆದರೂ ಹೋದೆವು. ನಾನು, ಆ ಹಿರಿಯರು, ಶಾಲೆಯ ಇಬ್ಬರು ಪಾಲಕರು. ಕೇಳಿದ್ದು ಜಾಸ್ತಿ ಏನಲ್ಲ. ಮುನ್ನೂರು ಮೀಟರ್ ಉದ್ದಕ್ಕೆ ಚರಂಡಿ ಮುಚ್ಚಿ ಮೇಲೊಂದು ಸಿಮೆಂಟಿನ ಪಟ್ಟಿ, ಎರಡು ದಿಕ್ಕಿಗೂ ಸೈಕಲ್ ಹೋಗುವ ಹಾಗೆ. ಮೊದಲ ಕಚೇರಿಯಲ್ಲಿ, ಹೆದ್ದಾರಿ ನಮ್ಮದಲ್ಲ ಎಂದರು. ಎರಡನೆಯದರಲ್ಲಿ, ಚರಂಡಿ ನಮ್ಮದಲ್ಲ ಎಂದರು. ಮೂರನೆಯದರಲ್ಲಿ ಒಬ್ಬರು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ನಾವು ದಂಡ ಹಾಕಬಹುದು, ದಾರಿ ಕಟ್ಟೋಕಾಗಲ್ಲ ಎಂದರು. ಅಂಚೆಯಲ್ಲಿ ಕಳಿಸಿದ ಅರ್ಜಿಗೆ ಎರಡು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು. ಊರಿನ ಹೆಸರು ಸಾಲದು, ಜಾಗದ ಚೈನೇಜ್ ತಿಳಿಸಿ. ಚೈನೇಜ್ ಅಂದರೆ ರಸ್ತೆ ಶುರುವಾದಲ್ಲಿಂದ ಅಳೆದ ಕಿಲೋಮೀಟರು, ಮೀಟರು.

ಸರಿ, ಕಿಲೋಮೀಟರ್ ಕಲ್ಲು ಹುಡುಕೋಣ ಎಂದು ಭಾನುವಾರ ನಾನೂ ಆ ಹಿರಿಯರೂ ಹೊರಟೆವು. ಹೊಸ ಕಲ್ಲು ಆ ಜಾಗದಲ್ಲಿ ಇರಲಿಲ್ಲ. ಹಳೇ ಕಲ್ಲು ಸಿಕ್ಕಿತು, ಒಬ್ಬರ ಅಂಗಳದಲ್ಲಿ ಬಟ್ಟೆ ಒಗೆಯುವುದಕ್ಕೆ ಮಗುಚಿ ಹಾಕಿದ್ದರು. ತಿರುಗಿಸಿ ನೋಡಿದರೆ 17 ಅಂತಿತ್ತು. ಆ ಹಿರಿಯರು ಅದನ್ನು ನೋಡಿ ನಕ್ಕು, ಸೈಕಲ್ ಹತ್ತಿ, ಎದುರು ದಿಕ್ಕಿನಲ್ಲೇ ಅಂಗಡಿ ಕಡೆಗೆ ಹೋದರು.