ರಿಯಾಯಿತಿಯ ಮಸ್ಟಾಂಗ್: ಟಾಪ್ ಎಂಡ್ ಬಿಡಿ, ಆಕ್ಸಲ್ ಕೇಳಿ

ನಮ್ಮೂರಲ್ಲಿ ಕಾರು ಕೊಳ್ಳಲು ಹೊರಟವರು ಶೋರೂಮಿನಲ್ಲಿ ಮೊದಲು ಕೇಳುವ ಮಾತು, ‘ಟಾಪ್ ಎಂಡ್ ಎಷ್ಟಾಗುತ್ತೆ?’ ಅಲ್ಲಿ ಆ ಪ್ರಶ್ನೆಗೆ ಅರ್ಥವಿದೆ. ಬೇಸ್, ಮಿಡ್, ಟಾಪ್ ಎಂಬ ಒಂದೇ ಏಣಿ. ಮೇಲೆ ಹತ್ತಿದಷ್ಟೂ ಸಾಮಾನು ಹೆಚ್ಚು. ಅದೇ ರೂಢಿಯಲ್ಲಿ ಅಮೆರಿಕದ ಡೀಲರ್ ಅಂಗಳಕ್ಕೆ ಹೋಗಿ ಫೋರ್ಡ್ ಕಂಪನಿಯ ಸ್ಪೋರ್ಟ್ಸ್ ಕಾರು ಮಸ್ಟಾಂಗ್ ಜಿಟಿ ಕೇಳಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಏಣಿ ಎರಡು. ಟ್ರಿಮ್ ಎಂಬುದು ಕೂತವರ ಸುಖದ ಏಣಿ, ಪರ್ಫಾರ್ಮೆನ್ಸ್ ಪ್ಯಾಕ್ ಎಂಬುದು ಯಂತ್ರದ ಏಣಿ. ಜಿಟಿ ಪ್ರೀಮಿಯಂ ಕೊಂಡರೆ ಬಿಸಿಯೂ ತಂಪೂ ಆಗುವ ಸೀಟು, ಒಳ್ಳೆಯ ಸ್ಪೀಕರು, ಬಣ್ಣಬಣ್ಣದ ಒಳದೀಪ ಎಲ್ಲ ಬರುತ್ತವೆ. ಬ್ರೇಕು, ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲು ಮಾತ್ರ ಸಾದಾ ಜಿಟಿಯವೇ.

ರಿಯಾಯಿತಿ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಇಂಥ ಕಾರಿನ ಮೇಲೆಯೇ. ಡೀಲರ್ ತನ್ನ ಅಂಗಳದ ಕಾರುಗಳನ್ನು ಸಾಲದ ಹಣದಲ್ಲಿ ತರಿಸಿ ನಿಲ್ಲಿಸಿರುತ್ತಾನೆ, ನಿಂತ ಪ್ರತಿ ದಿನಕ್ಕೂ ಬಡ್ಡಿ ಓಡುತ್ತದೆ. ತಿಳಿದವರು ಹುಡುಕುವ ಜೋಡಣೆ, ಅಂದರೆ ಸಾದಾ ಜಿಟಿ, ಮ್ಯಾನುವಲ್ ಗೇರು, ಪರ್ಫಾರ್ಮೆನ್ಸ್ ಪ್ಯಾಕ್, ಬೇಗ ಹೊರಟುಹೋಗುತ್ತದೆ. ಪ್ರೀಮಿಯಂ, ಆಟೊಮ್ಯಾಟಿಕ್, ಪ್ಯಾಕ್ ಇಲ್ಲದ್ದು ಅಂಗಳದಲ್ಲೇ ಉಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಅದು ಕೆಟ್ಟ ಕಾರೇನಲ್ಲ. ಆದರೆ ಅದು ಯಾಕೆ ಉಳಿಯಿತು ಎಂದು ಗೊತ್ತಿಲ್ಲದೆ ಕೊಳ್ಳಬಾರದು.

2023ರ ಬೇಸಿಗೆಯಲ್ಲಿ, 2024ರ ಮಾದರಿಯಾಗಿ ಬಂದ ಏಳನೇ ತಲೆಮಾರಿನ ಮಸ್ಟಾಂಗನ್ನೇ ತೆಗೆದುಕೊಳ್ಳೋಣ. ಕೆಳಗಿನ ಇಕೋಬೂಸ್ಟ್‌ಗೆ 2.3 ಲೀಟರ್ ಟರ್ಬೊ ಎಂಜಿನ್, 315 ಅಶ್ವಶಕ್ತಿ. ಈ ತಲೆಮಾರಿನಲ್ಲಿ ಅದಕ್ಕೆ ಮ್ಯಾನುವಲ್ ಗೇರೇ ಇಲ್ಲ, ಹತ್ತು ಗೇರಿನ ಆಟೊಮ್ಯಾಟಿಕ್ ಮಾತ್ರ. ಕ್ಲಚ್ ತುಳಿಯುವ ಆಸೆಯಿದ್ದರೆ ಅದರ ಮೇಲಿನ ರಿಯಾಯಿತಿಯನ್ನು ನೋಡುವುದೂ ಬೇಡ. ಜಿಟಿಗೆ 5 ಲೀಟರಿನ ವಿ8, 480 ಅಶ್ವಶಕ್ತಿ. ಸದ್ದನ್ನು ಬೇಕಾದಂತೆ ಏರಿಳಿಸುವ ಆಕ್ಟಿವ್ ಎಕ್ಸಾಸ್ಟ್ ಹಾಕಿಸಿದರೆ 486. ಅದರ ಮೇಲೆ 500 ಅಶ್ವಶಕ್ತಿಯ ಡಾರ್ಕ್ ಹಾರ್ಸ್.

ಪರ್ಫಾರ್ಮೆನ್ಸ್ ಪ್ಯಾಕ್‌ನಲ್ಲಿ ಏನೇನಿದೆ ಎಂದು ಬಿಡಿಸಿ ನೋಡಿದರೆ ಮಾತ್ರ ಅದರ ಬೆಲೆ ಅರ್ಥವಾಗುತ್ತದೆ. ಮುಂದೆ ಆರು ಪಿಸ್ಟನ್ನಿನ ಬ್ರೆಂಬೊ ಕಂಪನಿಯ ಬ್ರೇಕ್ ಕ್ಯಾಲಿಪರು, 390 ಮಿಲಿಮೀಟರ್ ಡಿಸ್ಕು. ಹಿಂದೆ ನಾಲ್ಕು ಪಿಸ್ಟನ್, 355 ಮಿಲಿಮೀಟರ್. ಒಂದು ಚಕ್ರ ಜಾರತೊಡಗಿದರೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಕಳಿಸುವ ಟಾರ್ಸನ್ ಡಿಫರೆನ್ಷಿಯಲ್. ಎಂಜಿನ್ ಆಯಿಲ್‌ಗೆ ಹೆಚ್ಚುವರಿ ಕೂಲರು, ಬ್ರೇಕಿಗೆ ಗಾಳಿ ಹಾಯಿಸುವ ದಾರಿ, ಬಾನೆಟ್ ಕೆಳಗೆ ಮುಂದಿನ ಸಸ್ಪೆನ್ಷನ್ನಿನ ನೆತ್ತಿ ಕೂರುವ ಎರಡು ಸ್ಟ್ರಟ್ ಟವರ್‌ಗಳನ್ನು ಬಿಗಿಯುವ ಅಡ್ಡಪಟ್ಟಿ, 19 ಇಂಚಿನ ಚಕ್ರ, ಹಿಂದೆ ಅಗಲವಾದ ಟೈರು. 2024ರಲ್ಲಿ ಇಷ್ಟಕ್ಕೂ ಹೆಚ್ಚುಕಡಿಮೆ 5,000 ಡಾಲರ್ ಇತ್ತು.

ಇವನ್ನು ಆಮೇಲೆ ಹಾಕಿಸಿಕೊಳ್ಳಬಹುದಲ್ಲ ಎನ್ನುವವರು ಕೆಲಸದ ಪಟ್ಟಿ ನೋಡಬೇಕು. ಟಾರ್ಸನ್ ಹಾಕಲು ಆಕ್ಸಲ್ ಬಿಚ್ಚಿ, ಡಿಫರೆನ್ಷಿಯಲ್ ಕೇಸ್ ಬದಲಿಸಿ, ಬೇರಿಂಗ್ ಒತ್ತಿ, ರಿಂಗ್ ಗೇರು ಪಿನಿಯನ್‌ಗಳ ನಡುವಿನ ಸಡಿಲವನ್ನು ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಅಳೆದು ಕೂರಿಸಬೇಕು. ಆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಹಿಂದಿನಿಂದ ಊಳಿಡುವ ಸದ್ದು ಶುರು, ವಾರಂಟಿಯ ವಾದವೂ ಶುರು. ಬ್ರೇಕು ಬದಲಿಸಿದರೆ ಕ್ಯಾಲಿಪರು, ಡಿಸ್ಕು, ಹೋಸಿನ ಜೊತೆ ಚಕ್ರವನ್ನೂ ಬದಲಿಸಬೇಕು, ಏಕೆಂದರೆ 390ರ ಡಿಸ್ಕಿನ ಮೇಲೆ 18 ಇಂಚಿನ ಚಕ್ರ ಸಾಮಾನ್ಯವಾಗಿ ಕೂರುವುದಿಲ್ಲ. ಮ್ಯಾಗ್ನೆರೈಡ್ ಎಂಬ, ತನ್ನ ಬಿಗಿಯನ್ನು ತಾನೇ ಬದಲಿಸಿಕೊಳ್ಳುವ ಶಾಕ್ ಅಬ್ಸಾರ್ಬರನ್ನು ಆಮೇಲೆ ಹಾಕಿಸುವ ವಿಚಾರವನ್ನಂತೂ ಬಿಟ್ಟೇಬಿಡಿ. ಅದರ ಡ್ಯಾಂಪರಿನೊಳಗೆ ಕಬ್ಬಿಣದ ಕಣಗಳಿರುವ ದ್ರವವಿದೆ. ವಿದ್ಯುತ್ ಹರಿದು ಕಾಂತಕ್ಷೇತ್ರ ಎದ್ದೊಡನೆ ಅದು ಗಟ್ಟಿಯಾಗುತ್ತದೆ. ಅದನ್ನು ಆಳಲು ಸೆನ್ಸರು, ವೈರಿಂಗ್, ಕಂಟ್ರೋಲ್ ಮಾಡ್ಯೂಲು, ಪ್ರೋಗ್ರಾಮಿಂಗ್ ಎಲ್ಲ ಬೇಕು. 2024ರಲ್ಲಿ ಕಾರ್ಖಾನೆಯಿಂದ ಸುಮಾರು 1,750 ಡಾಲರಿಗೆ ಬರುತ್ತಿದ್ದ ವಸ್ತು ಹೊರಗೆ ಯಾವ ಬೆಲೆಗೂ ನೆಟ್ಟಗೆ ಕೂರುವುದಿಲ್ಲ. ಜಿಟಿಯಲ್ಲಿ ಅದು ಬೇಕಾದರೆ ಪರ್ಫಾರ್ಮೆನ್ಸ್ ಪ್ಯಾಕ್ ಇರಲೇಬೇಕು, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಹಾಗಾದರೆ ಲೆಕ್ಕ ಹೀಗೆ. 2024ರ ಬೆಲೆ ಸ್ಟಿಕರಿನ ಆಸುಪಾಸಿನ ದುಂಡು ಅಂಕಿ ಹಿಡಿಯೋಣ: ಸಾದಾ ಜಿಟಿ 43,000 ಡಾಲರ್, ಪ್ರೀಮಿಯಂಗೆ 4,500, ಆಟೊಮ್ಯಾಟಿಕ್‌ಗೆ 1,600, ಪ್ಯಾಕ್‌ಗೆ 5,000. ಪ್ಯಾಕ್ ಇಲ್ಲದ ಪ್ರೀಮಿಯಂ ಆಟೊಮ್ಯಾಟಿಕ್ 49,100 ಆಯಿತು. ಅದಕ್ಕೆ 6,000 ರಿಯಾಯಿತಿ, ಉಳಿದದ್ದು 43,100. ಪ್ಯಾಕ್ ಇರುವ ಸಾದಾ ಜಿಟಿ ಮ್ಯಾನುವಲ್ 48,000. ಅದಕ್ಕೆ 2,000 ಮಾತ್ರ ರಿಯಾಯಿತಿ, 46,000. ರಿಯಾಯಿತಿಯನ್ನಷ್ಟೇ ನೋಡಿದವನಿಗೆ ಮೊದಲನೆಯದು ಮೂರು ಪಟ್ಟು ಲಾಭ. ನಿಜವಾದ ವ್ಯತ್ಯಾಸ 2,900 ಡಾಲರ್. ಆ ದುಡ್ಡಿಗೆ ಬ್ರೇಕು, ಟಾರ್ಸನ್, ಕೂಲರು ಮೂರನ್ನೂ ಹೊರಗೆ ಹಾಕಿಕೊಡುವ ಗ್ಯಾರೇಜು ಸಿಗುವುದಿಲ್ಲ. ಮಲೆದಾರಿಗಳಲ್ಲಿ ಓಡಿಸುವವರಿಗೆ, ವರ್ಷಕ್ಕೆರಡು ಸಲವಾದರೂ ಟ್ರ್ಯಾಕಿಗೆ ಹೋಗುವವರಿಗೆ ಎರಡನೆಯ ಕಾರೇ ಅಗ್ಗ. ಆಫೀಸಿಗೆ ಹೋಗಿಬರುವುದೇ ಮುಖ್ಯ, ಟ್ರಾಫಿಕ್ಕಿನಲ್ಲಿ ದಿನಕ್ಕೆ ಒಂದೂವರೆ ಗಂಟೆ ಎನ್ನುವವರು ಮೊದಲನೆಯದನ್ನು ನೆಮ್ಮದಿಯಾಗಿ ಒಯ್ಯಬಹುದು. ಪ್ಯಾಕ್ ಇಲ್ಲದ ಆಟೊಮ್ಯಾಟಿಕ್‌ನ ಆಕ್ಸಲ್ ಅನುಪಾತ 3.15, ಮ್ಯಾನುವಲ್‌ನದು 3.55; ಈ ಅಂಕಿ ದೊಡ್ಡದಾದಷ್ಟೂ ಹೊರಡುವಾಗಿನ ಎಳೆತ ಹೆಚ್ಚು. ಆದರೂ ಹತ್ತು ಗೇರಿನ ಪೆಟ್ಟಿಗೆಯ ಮೊದಲ ಗೇರೇ ತುಂಬ ಗಿಡ್ಡವಾಗಿರುವುದರಿಂದ ಸಿಗ್ನಲ್ಲಿನಿಂದ ಹೊರಡುವಾಗ ಸೋಮಾರಿತನ ಕಾಣುವುದಿಲ್ಲ.

ಆಯ್ಕೆಗಳಲ್ಲಿ ದುಡ್ಡಿಗೆ ತಕ್ಕದ್ದು ಎಂದರೆ ಆಕ್ಟಿವ್ ಎಕ್ಸಾಸ್ಟ್, 2024ರಲ್ಲಿ ಸುಮಾರು 1,200 ಡಾಲರ್. ಆರು ಅಶ್ವಶಕ್ತಿಗಾಗಿ ಅಲ್ಲ; ಬೆಳಗಿನ ಜಾವ ಅಪಾರ್ಟ್‌ಮೆಂಟಿನ ಕೆಳಗೆ ಸ್ಟಾರ್ಟ್ ಮಾಡುವಾಗ ಅದು ಬಾಯಿ ಮುಚ್ಚಿಕೊಂಡಿರುತ್ತದೆ ಎಂಬುದಕ್ಕಾಗಿ. ಹೊರಗಿನ ಸೈಲೆನ್ಸರ್ ಹಾಕಿದರೆ ಆ ಸೌಜನ್ಯವಿಲ್ಲ, ಕ್ಯಾಲಿಫೋರ್ನಿಯಾದಲ್ಲಾದರೆ 95 ಡೆಸಿಬೆಲ್ ಮಿತಿಯ ದಂಡವೂ ಕಾದಿರುತ್ತದೆ. ರೆಕಾರೊ ಕಂಪನಿಯ ಸ್ಪೋರ್ಟ್ಸ್ ಸೀಟಿನ ವಿಷಯದಲ್ಲಿ ಎಚ್ಚರ. ನೋಡಲು ಚೆಂದ, ತಿರುವಿನಲ್ಲಿ ಹಿಡಿದಿಡುತ್ತದೆ, ಆದರೆ ಬಿಸಿಯೂ ಇಲ್ಲ ತಂಪೂ ಇಲ್ಲ, ಹೊಂದಿಸುವುದು ಕೈಯಲ್ಲೇ. ಪ್ರೀಮಿಯಂಗೆ ದುಡ್ಡು ಕೊಟ್ಟು ಅದರ ಮೇಲೆ ರೆಕಾರೊ ಹಾಕಿಸಿದರೆ ಪ್ರೀಮಿಯಂನ ಅರ್ಧ ಸುಖವನ್ನು ದುಡ್ಡು ಕೊಟ್ಟೇ ಕಳೆದುಕೊಂಡ ಹಾಗೆ. ಶೋರೂಮಿನಲ್ಲಿ ಎರಡು ನಿಮಿಷ ಕೂತು ನಿರ್ಧರಿಸಬೇಡಿ; ಇಪ್ಪತ್ತು ನಿಮಿಷ ಕೂತರೆ ತೊಡೆಯ ಪಕ್ಕದ ದಿಂಬು ಒತ್ತುತ್ತದೋ ಇಲ್ಲವೋ ತಿಳಿಯುತ್ತದೆ. ಪಟ್ಟೆ, ಕಪ್ಪು ಚಕ್ರ, ಬಣ್ಣ ಬಳಿದ ಕ್ಯಾಲಿಪರು ಇತ್ಯಾದಿಗೆ ಕಾರಿನ ಜೊತೆಗೇ ದುಡ್ಡು ಸುರಿಯುವುದು ಬೇಡ. ಹೊರಗೆ ಅಗ್ಗ, ಮಾರುವಾಗ ಬೆಲೆಯಿಲ್ಲ.

ಪ್ಯಾಕ್‌ನ ಜೊತೆ ಬರುವ ಬೇಸಿಗೆ ಟೈರಿಗೆ ಒಂದು ಖರ್ಚು ಅಂಟಿಕೊಂಡಿದೆ. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದರ ರಬ್ಬರು ಬಿರುಸಾಗಿ ಹಿಡಿತ ಬಿಡುತ್ತದೆ, ಕಡುಚಳಿಯಲ್ಲಿ ಓಡಿಸಿದರೆ ಮೇಲ್ಮೈ ಸೀಳಬಹುದು. ನ್ಯೂಜೆರ್ಸಿ, ಮಿಷಿಗನ್‌ಗಳಲ್ಲಿರುವವರು ಇನ್ನೊಂದು ಸೆಟ್ ಚಕ್ರ ಮತ್ತು ಚಳಿಗಾಲದ ಟೈರನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ಪ್ಯಾಕ್‌ನ ಮುಂದಿನ ಟೈರು 255/40, ಹಿಂದಿನದು 275/40. ಅಳತೆ ಬೇರೆಯಾದ್ದರಿಂದ ಹಿಂದು ಮುಂದು ಬದಲಿಸಿ ಸವೆತ ಸಮ ಮಾಡುವ ಉಪಾಯವೂ ನಡೆಯುವುದಿಲ್ಲ.

ಈ ಸೂತ್ರ ಎಲ್ಲ ಕಾರಿಗೂ ಹಾಗೆಯೇ ಹೊಂದುವುದಿಲ್ಲ. ಟೊಯೋಟ ಜಿಆರ್86ರಲ್ಲಿ ಸಾದಾ ಟ್ರಿಮ್ಮಿಗೂ ಟಾರ್ಸನ್ ಇದೆ, ಹಾಗಾಗಿ ಅಲ್ಲಿ ಅಗ್ಗದ್ದು ನಿಜಕ್ಕೂ ಅಗ್ಗ. ಮಜ್ದಾ ಎಂಎಕ್ಸ್-5ರಲ್ಲಿ ತಿರುಗುಮುರುಗು: ಕೆಳಗಿನ ಸ್ಪೋರ್ಟ್‌ನಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಟಾರ್ಸನ್ ಕೂಡ ಇದರ ಒಂದು ಬಗೆ) ಇಲ್ಲ, ಬಿಲ್‌ಸ್ಟೀನ್ ಕಂಪನಿಯ ಶಾಕ್ ಅಬ್ಸಾರ್ಬರೂ ಇಲ್ಲ, ಎರಡೂ ಬೇಕಾದರೆ ಮೇಲಿನ ಟ್ರಿಮ್ಮಿನ ಮ್ಯಾನುವಲ್ಲೇ ಆಗಬೇಕು. ಹಳೆಯ ತಲೆಮಾರಿನ ಉಳಿಕೆ ಕೊಳ್ಳುವವರು 2019ರ ಷೆವರ್ಲೆ ಕಾರ್ವೆಟ್ಟನ್ನು ನೆನೆಯಬಹುದು. ಆ ವರ್ಷ ಜುಲೈ 18ರಂದು ಎಂಜಿನ್ ನಡುವಿನಲ್ಲಿರುವ ಹೊಸ ಕಾರ್ವೆಟ್ ಹೊರಬಿತ್ತು, 60,000 ಡಾಲರಿಗೆ ಒಳಗಿನ ಆರಂಭದ ಬೆಲೆಯಲ್ಲಿ. ಅಂಗಳದಲ್ಲಿದ್ದ ಏಳನೇ ತಲೆಮಾರಿನವು ಒಂದೇ ದಿನಕ್ಕೆ ಹಳೆಯವಾದವು. ಆಗಲೂ 3ಎಲ್‌ಟಿ ಎಂಬ ಚರ್ಮದ ವೈಭವಕ್ಕಿಂತ 1ಎಲ್‌ಟಿ ಎಂಬ ಸಾದಾ ಟ್ರಿಮ್ಮಿನ ಜೊತೆಗಿನ ಝಡ್51 ಪ್ಯಾಕ್ ಮೇಲು, ಏಕೆಂದರೆ ಬಿರುಸಿನ ತಿರುವಿನಲ್ಲೂ ಎಂಜಿನ್ನಿಗೆ ಆಯಿಲ್ ತಪ್ಪದಂತೆ ನೋಡುವ ಡ್ರೈ ಸಂಪ್, ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್, ದೊಡ್ಡ ಬ್ರೇಕು, ಗೇರ್‌ಬಾಕ್ಸ್ ಕೂಲರು ಇದ್ದದ್ದು ಅದರಲ್ಲಿ.

ಇನ್ನು ಬೆಲೆಯ ಕಾಗದ. ಕಿಟಕಿಗೆ ಅಂಟಿಸಿದ ಅಧಿಕೃತ ಸ್ಟಿಕರು 1958ರ ಕಾನೂನಿನಿಂದ ಬಂದದ್ದು, ಸೆನೆಟರ್ ಮನ್ರೋನಿ ಹೆಸರಿನಲ್ಲೇ ಕರೆಯುತ್ತಾರೆ. ಪ್ರತಿ ಆಯ್ಕೆಯ ಬೆಲೆ, ಸಾಗಣೆ ಶುಲ್ಕ ಅದರಲ್ಲಿರುತ್ತವೆ. ಪಕ್ಕದಲ್ಲಿ ಇನ್ನೊಂದು ಚೀಟಿ ಕಂಡರೆ ಅದು ಡೀಲರನದು: ಟೈರಿಗೆ ನೈಟ್ರೊಜನ್, ಗಾಜಿನ ಮೇಲೆ ನಂಬರು ಕೊರೆತ, ಪೇಂಟಿಗೆ ಲೇಪನ. ಅಲ್ಲಿ 3,000 ಏರಿಸಿ ಇಲ್ಲಿ 3,000 ಇಳಿಸಿದರೆ ರಿಯಾಯಿತಿ ಸೊನ್ನೆ. ತೆರಿಗೆ, ನೋಂದಣಿ, ಕಾಗದದ ಶುಲ್ಕ ಎಲ್ಲ ಸೇರಿ ಕೊನೆಗೆ ಕೈಯಿಂದ ಕೊಡಬೇಕಾದ ಒಟ್ಟು ಬೆಲೆಯನ್ನು ಇಮೇಲಿನಲ್ಲಿ ಬರೆಸಿಕೊಂಡು, ಅದೇ ಅಂಕಿಯನ್ನು ಇಬ್ಬರು ಮೂವರು ಡೀಲರರಲ್ಲಿ ಹೋಲಿಸಿ.

ಕಾರು ತಯಾರಿಸಿದ ಕಂಪನಿಯೇ ಬಿಟ್ಟುಕೊಡುವ ರಿಬೇಟ್ ಬೇರೆ, ಡೀಲರ್ ಇಳಿಸುವ ಬೆಲೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ರಿಬೇಟಿನ ಮೊತ್ತಕ್ಕೂ ಮಾರಾಟ ತೆರಿಗೆ ಕಟ್ಟಬೇಕು. ಡೀಲರ್ ಕಡಿಮೆ ಮಾಡಿದ್ದಕ್ಕೆ ಕಟ್ಟಬೇಕಿಲ್ಲ. ತೆರಿಗೆ ಶೇ 9 ಎಂದುಕೊಂಡರೆ 3,000ದ ರಿಬೇಟು 270 ಡಾಲರ್ ಕಡಿಮೆ ತೂಗುತ್ತದೆ. ರಿಬೇಟ್ ಅಥವಾ ಕಡಿಮೆ ಬಡ್ಡಿ, ಎರಡರಲ್ಲೊಂದು ಎಂದಾಗಲೂ ಕೂತು ಗುಣಿಸಬೇಕು. 42,000ವನ್ನು ಶೇ 2.9ರಲ್ಲಿ 60 ತಿಂಗಳಿಗೆ ತೆಗೆದರೆ ಕಂತು ಸುಮಾರು 753. 3,000 ರಿಬೇಟ್ ಪಡೆದು 39,000ವನ್ನು ಶೇ 6.9ರಲ್ಲಿ ತೆಗೆದರೆ 770. ರಿಬೇಟಿನ ಖುಷಿಗೆ ಐದು ವರ್ಷದಲ್ಲಿ ಸಾವಿರ ಡಾಲರ್ ಹೆಚ್ಚು ಕೊಟ್ಟಂತಾಯಿತು.

ಸಹಿಗೆ ಮುಂಚೆ ಕಾರಿನ ಬಳಿಯೇ ಅರ್ಧ ಗಂಟೆ ಇರಲಿ. ಜಾಲತಾಣದ ಜಾಹೀರಾತಿನಲ್ಲಿ ‘ಪರ್ಫಾರ್ಮೆನ್ಸ್ ಪ್ಯಾಕ್’ ಎಂದು ತಪ್ಪಾಗಿ ಬರೆದಿರುವುದು ಅಪರೂಪವಲ್ಲ. ಚಾಲಕನ ಬಾಗಿಲ ಚೌಕಟ್ಟಿನ ಲೇಬಲಿನಲ್ಲಿ ಆಕ್ಸಲ್ ಕೋಡ್ ಇದೆ, ಅದನ್ನು ಸ್ಟಿಕರಿನ ಜೊತೆ ತಾಳೆ ಹಾಕಿ. ಬಾನೆಟ್ ಎತ್ತಿ ಅಡ್ಡಪಟ್ಟಿ ನೋಡಿ; ಮ್ಯಾಗ್ನೆರೈಡ್ ಇದ್ದರೆ ಮುಂದಿನ ಸ್ಟ್ರಟ್ಟಿನ ನೆತ್ತಿಗೆ ವೈರು ಹೋಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಹುಡುಕಿ: 2324 ಎಂದರೆ 2024ರ 23ನೇ ವಾರ. ಬಹಳ ದಿನ ನಿಂತ ಕಾರಿನಲ್ಲಿ ಬ್ಯಾಟರಿ ಸೊರಗಿರುತ್ತದೆ. ಹೊಸದು ಹಾಕಿಸಿಕೊಡುವುದನ್ನು ಮಾತಿನಲ್ಲಿ ಬಿಡದೆ ಕರಾರಿನಲ್ಲಿ ಸೇರಿಸಿ. ಓಡೋಮೀಟರಿನಲ್ಲಿ ನೂರಾರು ಮೈಲಿ ಕಂಡರೆ ಅದು ಡೆಮೊ ಕಾರಾಗಿತ್ತೇ ಎಂದು ಕೇಳಿ. ಡೆಮೊ ಆಗಿ ಬಳಕೆಗೆ ಇಳಿದ ದಿನದಿಂದಲೇ ಫೋರ್ಡಿನ 3 ವರ್ಷ, 36,000 ಮೈಲಿಯ ವಾರಂಟಿ ಓಡತೊಡಗಿರಬಹುದು. ಆ ದಿನಾಂಕವನ್ನು ಸರ್ವಿಸ್ ಕೌಂಟರಿನವರು ಚಾಸಿ ನಂಬರಿನಿಂದ ತೆಗೆದುಕೊಡುತ್ತಾರೆ. ಎಂಟು ತಿಂಗಳು ಕಳೆದಿದ್ದರೆ ಅಷ್ಟರ ಬೆಲೆಯನ್ನೂ ಇಳಿಸಲು ಕೇಳಿ.