ತುದಿ ಬೆಳ್ಳಗಾದರೆ ಕೆಟ್ಟಿತು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮಿಸ್ತ್ರಿ ನನ್ನ ಕೈಗೆ ಕೊಟ್ಟದ್ದು ಬೆಣೆಯಂಥ ಒಂದು ಬೀಡಿನ (ಎರಕದ ಕಬ್ಬಿಣದ) ತುಂಡು. ಆಗಷ್ಟೇ ಸುತ್ತಿಗೆಯಿಂದ ಮುರಿದದ್ದು. ದಪ್ಪನೆಯ ಕಡೆ ಪೆನ್ಸಿಲ್ ಕಡ್ಡಿಯ ಬೂದು ಬಣ್ಣ, ಚೂಪು ತುದಿಯಲ್ಲಿ ಕಲ್ಲುಸಕ್ಕರೆ ಮುರಿದ ಹಾಗೆ ಮಿನುಗುವ ಬಿಳುಪು.

"ತುದಿ ಬೆಳ್ಳಗ ಬಂದೇತಿ ನೋಡ್ರಿ ಸರ. ಈ ಮಾಲು ಹೊಯ್ದರ ನಿಮ್ಮ ಫಿನ್ನು ಗಾಜಿನಂಗ ಮುರೀತಾವ."

ನಾನು ಹೋದದ್ದು ಕಾಕಾನ ಜಾವಾ 250 ಬೈಕಿಗೆ ಹೊಸ ಸಿಲಿಂಡರ್ ಮಾಡಿಸಲು. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಾಕಾ ಮಾತ್ರ ಗಾಡಿ ಬಿಟ್ಟಿರಲಿಲ್ಲ. ಸಿಲಿಂಡರಿನ 65 ಮಿಮೀ ಬೋರನ್ನು (ಪಿಸ್ಟನ್ ಓಡಾಡುವ ಒಳತೂತು) ಕಾಲು ಕಾಲು ಮಿಲಿಮೀಟರಿನಂತೆ ಕೊರೆಸುತ್ತ ದಪ್ಪ ಪಿಸ್ಟನ್ ಸಿಗುವ ಕೊನೆಯ ಓವರ್‌ಸೈಜನ್ನೂ ಮುಗಿಸಿದ್ದ. ಒಳಗೆ ಹೊಸ ಕೊಳವೆ ಕೂರಿಸಿ ಸ್ಲೀವ್ ಹಾಕಿಸಬಹುದಿತ್ತು, ಆದರೆ ಸುತ್ತಲಿನ ತೆಳು ರೆಕ್ಕೆಗಳಾದ ಫಿನ್ನುಗಳಲ್ಲಿ ಅರ್ಧ ಉದುರಿ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟಿನ ಹತ್ತಿರ ಹಳೆಯ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಪಂಪು, ವಾಹನದ ಬಿಡಿಭಾಗಗಳನ್ನು ದಿನವೂ ಎರಕ ಹೊಯ್ಯುವ ಬೆಳಗಾವಿಯಲ್ಲಿ ಇದೊಂದು ದೊಡ್ಡ ಕೆಲಸವೇ ಅಂದುಕೊಂಡಿದ್ದೆ. ಮೊದಲ ಎರಕ ಡ್ರಿಲ್ಲಿನ ಎರಡು ಬಿಟ್ ಮುರಿದು, ಗುಜರಿಗೆ ಹೋಯಿತು.

ಬೀಡಿನಲ್ಲಿ ನೂರಕ್ಕೆ ಮೂರು-ಮೂರೂವರೆ ಭಾಗ ಇಂಗಾಲ ಇರುತ್ತದೆ. ಕರಗಿದ ಲೋಹ ನಿಧಾನವಾಗಿ ಆರಿದರೆ ಈ ಇಂಗಾಲಕ್ಕೆ ಒಟ್ಟುಗೂಡಲು ಪುರುಸೊತ್ತು ಸಿಗುತ್ತದೆ. ಗ್ರಾಫೈಟ್‌ನ ತೆಳು ಪದರುಗಳಾಗಿ ಕೂರುತ್ತದೆ. ಅದೇ ಬೂದು ಬಣ್ಣ. ಗ್ರಾಫೈಟ್ ಒಣ ಎಣ್ಣೆಯಂತೆ ಪಿಸ್ಟನ್ನಿಗೆ ಜಾರಲು ಅನುವು ಮಾಡುತ್ತದೆ, ನಡುಕವನ್ನೂ ನುಂಗುತ್ತದೆ. ಬೇಗ ಆರಿದರೆ ಇಂಗಾಲ ಇದ್ದಲ್ಲೇ ಸಿಕ್ಕಿಬಿದ್ದು ಕಬ್ಬಿಣದ ಜೊತೆ ಸೇರಿ ಸಿಮೆಂಟೈಟ್ ಆಗುತ್ತದೆ: ಬಿಳಿ, ಕಲ್ಲಿನಷ್ಟು ಗಡಸು, ಪೆಟ್ಟು ತಾಳದು. ಒಂದೇ ಲ್ಯಾಡಲ್ಲಿನಿಂದ (ಕರಗಿದ ಲೋಹ ಸುರಿಯುವ ಪಾತ್ರೆ) ಹೊಯ್ದ ಮಾಲು ದಪ್ಪ ಗೋಡೆಯಲ್ಲಿ ಒಂದು ವಸ್ತು, ತೆಳು ಅಂಚಿನಲ್ಲಿ ಇನ್ನೊಂದು. ಬೆಣೆ ಮುರಿದು ನೋಡುವುದು ಅದಕ್ಕೇ. ಎಲ್ಲಾ ದಪ್ಪಗಳೂ ಅದೊಂದರಲ್ಲೇ ಇವೆ.

ಇಲ್ಲಿಯೇ ಪೇಚು. ಗಾಳಿಗೆ ಶಾಖ ಬಿಟ್ಟುಕೊಡಲೆಂದು ಸಿಲಿಂಡರಿಗೆ ಫಿನ್ನುಗಳನ್ನು ಇಟ್ಟಿದ್ದಾರೆ. ಬೇಗ ತಣಿಯುವುದೇ ಅವುಗಳ ಕಸುಬು. ಆ ಕಸುಬನ್ನು ಅವು ಅಚ್ಚಿನ ಉಸುಕಿನೊಳಗೇ ಶುರು ಮಾಡಿಬಿಡುತ್ತವೆ.

ಮದ್ದು ಫೆರೋಸಿಲಿಕಾನ್, ಕಬ್ಬಿಣ-ಸಿಲಿಕಾನ್ ಮಿಶ್ರಲೋಹ. ಸುರಿಯುವ ಮುಂಚೆ ಒಂದು ಹಿಡಿ ಪುಡಿಯನ್ನು ಲ್ಯಾಡಲ್ಲಿಗೆ ಹಾಕಿದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಗ್ರಾಫೈಟ್ ಕಟ್ಟಿಕೊಳ್ಳಲು ಅದರಿಂದ ಬೀಜಗಳು ಸಿಗುತ್ತವೆ. ಈ ಹೆಪ್ಪಿನ ಕಸುವು ಕೆಲವೇ ನಿಮಿಷ. ಆಮೇಲೆ ಇಳಿಯುತ್ತ ಹೋಗುತ್ತದೆ. ಆದ್ದರಿಂದಲೇ ಮಿಸ್ತ್ರಿ ಆ ಹೊತ್ತಿನಲ್ಲಿ ಯಾರೊಂದಿಗೂ ಮಾತಾಡಲಿಲ್ಲ, ನನ್ನ ಪ್ರಶ್ನೆಗಂತೂ ತಿರುಗಿಯೂ ನೋಡಲಿಲ್ಲ. ಎರಡನೇ ಬೆಣೆ ತುದಿಯವರೆಗೂ ಬೂದು.

ಹಳೆಯ ಸಿಲಿಂಡರನ್ನೇ ಉಸುಕಿನಲ್ಲಿ ಒತ್ತಿ ಅಚ್ಚು ತೆಗೆಯಬಾರದೇ ಎಂದು ಕಾಕಾ ಕೇಳಿದ್ದ. ಬೀಡು ಆರುವಾಗ ಸುಮಾರು ನೂರಕ್ಕೆ ಒಂದು ಭಾಗ ಕುಗ್ಗುತ್ತದೆ. 100 ಮಿಮೀ ಅಂತರದ ಸ್ಟಡ್ ತೂತುಗಳು 99ಕ್ಕೆ ಬಂದರೆ ಸಿಲಿಂಡರಿನ ಮುಚ್ಚಳವಾದ ಹೆಡ್ ಕೂರುವುದೇ ಇಲ್ಲ. ಕಟ್ಟಿಗೆಯಲ್ಲಿ ಪ್ಯಾಟರ್ನ್ (ಅಚ್ಚು ಒತ್ತುವ ಮಾದರಿ) ಮಾಡುವವರ ಬಳಿ ಅದಕ್ಕೆಂದೇ ಬೇರೆ ಸ್ಕೇಲ್ ಇದೆ. ಅದರ ಒಂದೊಂದು ಮಿಲಿಮೀಟರೂ ಕೂದಲೆಳೆಯಷ್ಟು ಹೆಚ್ಚು ಉದ್ದ. ಸುಳ್ಳು ಹೇಳಿ ಸರಿ ಅಳೆಯುವ ಸ್ಕೇಲ್ ಅದು. ಅದರ ಮೇಲೆ ಕೊರೆಯಲು, ತಿಕ್ಕಲು ಎರಡು-ಮೂರು ಮಿಮೀ ಹೆಚ್ಚು ಬಿಡಬೇಕು.

ಪೋರ್ಟುಗಳಿಗೆ ಕೋರ್ ಬೇಕು, ಅಂದರೆ ಅಚ್ಚಿನೊಳಗೆ ತೂತಿನ ಜಾಗ ಹಿಡಿದಿಡುವ ಉಸುಕಿನ ತುಂಡು. ಉಸುಕಿಗೆ ಸೋಡಿಯಂ ಸಿಲಿಕೇಟ್ ಕಲೆಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಅದು ನಿಂತಲ್ಲೇ ಗಟ್ಟಿಯಾಗುತ್ತದೆ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ. ಗೋಡೆಯ ಕಿಟಕಿಗಳನ್ನು ಪಿಸ್ಟನ್ನೇ ಮುಚ್ಚಿ ತೆಗೆಯುತ್ತದೆ. ಕೋರ್ ಒಂದು ಮಿಮೀ ಸರಿದರೂ ಹೊಗೆ ಹೊರಹೋಗುವ ಹೊತ್ತೇ ಬದಲಾದೀತು. ಹಾಗಾಗಿ ಕಿಟಕಿಗಳನ್ನು ಬೇಕೆಂದೇ ಚಿಕ್ಕದಾಗಿ ಎರಕ ಹೊಯ್ದು, ಹಳೆಯ ಸಿಲಿಂಡರಿನ ಅಳತೆ ಹಿಡಿದು ಕೈಯಿಂದ ಅರ ಹಾಕಿ ಬಿಡಿಸಿದರು. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಹಿಡಿಸಿದ್ದು ಆ ಅರದ ಸದ್ದು.

ಬೋರ್ ಕೊರೆದು, ಸಾಣೆಕಲ್ಲಿನಿಂದ ಒಳಗೋಡೆ ತಿಕ್ಕುವ ಹೋನಿಂಗೂ ಆಯಿತು. ಗೋಡೆಯ ಮೇಲೆ ಅಡ್ಡಡ್ಡ ಹೆಣೆದಂಥ ಸಣ್ಣ ಗೀರುಗಳು. ಎಣ್ಣೆ ನಿಲ್ಲುವುದು ಅವುಗಳಲ್ಲಿ. ಹೊಸ ಬೋರಿಗೆ ಅಸಲಿ ಅಳತೆಯ 65 ಮಿಮೀ ಪಿಸ್ಟನ್. ನೂರು ಡಿಗ್ರಿ ಕಾದರೆ ಅಲ್ಯೂಮಿನಿಯಂ ಪಿಸ್ಟನ್ ಸುಮಾರು 0.14 ಮಿಮೀ ಹಿಗ್ಗುತ್ತದೆ, ಬೀಡಿನ ಬೋರ್ ಅದರ ಅರ್ಧದಷ್ಟೇ. ಪಿಸ್ಟನ್ನೇ ಹೆಚ್ಚು ಕಾಯುತ್ತದೆ ಬೇರೆ. ತಣ್ಣಗಿರುವಾಗ ಅದಕ್ಕೆ ಜಾಗ ಬಿಡದಿದ್ದರೆ ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ.

ಕಾಕಾ ಮೊದಲ ದಿನವೇ ವಂಟಮೂರಿ ಘಾಟಿಗೆ ಹೊರಟಿದ್ದ. ಘಾಟಿಗೆ ಮುಂಚೆಯೇ ನಿಲ್ಲಿಸಿದೆವು. ಅಂಗೈಯನ್ನು ಫಿನ್ನುಗಳ ಮೇಲೆ ಒಂದು ಗೇಣು ಎತ್ತರಕ್ಕೆ ಹಿಡಿದು ನೋಡಿ, "ಇನ್ನೊಂದು ಚಾ ಆಗೂತನಾ ಇರಲಿ ಬಿಡು," ಎಂದ.